ತಂಡದ ಗಳಿಕೆಯಲ್ಲಿ ಒಂದು ಮಗುವಿನ ಪಾಲು

(ಸಾಮಾನ್ಯ ಶಾಲೆಗಳ ಶಿಕ್ಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಸ್ನೇಹಿತರೇ,

ನಾನು ಶಿಕ್ಷಕ ವೃತ್ತಿಗೆ ಬಂದ ಎರಡನೆಯ ವರ್ಷ ನನ್ನ ಮೇಜಿನ ಮೇಲೆ ಒಂದು ಗಾಜಿನ ಜಾಡಿಯನ್ನು ಇಟ್ಟಿದ್ದೆ. ತರಗತಿಯು ಒಂದು ಅವಧಿಯನ್ನು ಗದ್ದಲವಿಲ್ಲದೆ ಮುಗಿಸಿದರೆ ಅದಕ್ಕೆ ಗೋಲಿಗಳನ್ನು ಹಾಕುತ್ತಿದ್ದೆ. ಯಾರಾದರೂ ಕೇಳದೆ ಎದ್ದು ಓಡಾಡಿದರೆ ಅಥವಾ ಕೂಗಿದರೆ ಒಂದು ಗೋಲಿಯನ್ನು ಹೊರಗೆ ತೆಗೆಯುತ್ತಿದ್ದೆ. ಜಾಡಿ ತುಂಬಿದ ದಿನ ಕೊನೆಯ ಅವಧಿ ಪೂರ್ತಿ ಆಟ. ಮೊದಲ ವಾರ ತರಗತಿ ಎಷ್ಟು ಶಾಂತವಾಗಿತ್ತೆಂದರೆ, ಮಕ್ಕಳೆಲ್ಲ ಎಲ್ಲಿ ಹೋದರೆಂದು ಪಕ್ಕದ ಕೋಣೆಯ ಸಹೋದ್ಯೋಗಿಯೊಬ್ಬರು ಬಂದು ಇಣುಕಿ ನೋಡಿದ್ದರು. ಆ ತರಗತಿಯಲ್ಲಿ ಎಡಿಎಚ್‌ಡಿ (ಗಮನ ನಿಲ್ಲಿಸುವುದೂ ಸುಮ್ಮನೆ ಕೂರುವುದೂ ಕಷ್ಟವಾಗುವ ಸ್ಥಿತಿ) ಇದ್ದ ಒಬ್ಬ ಹುಡುಗನಿದ್ದ. ಹೊರಗೆ ಬಂದ ಗೋಲಿಗಳಲ್ಲಿ ಹೆಚ್ಚಿನವು ಅವನ ಲೆಕ್ಕಕ್ಕೆ ಸೇರಿದವು ಎಂಬುದನ್ನು ನನಗಿಂತ ಮೊದಲು ಗಮನಿಸಿದವರು ಅವನ ಸಹಪಾಠಿಗಳು. ‘ಇವತ್ತು ನಿನ್ನಿಂದ ಮೂರು ಹೋಯಿತು’ ಎಂದು ಅವರು ಅವನಿಗೆ ಲೆಕ್ಕ ಒಪ್ಪಿಸತೊಡಗಿದರು. ಬಿಡುವಿನ ವೇಳೆಯಲ್ಲಿ ಅವನನ್ನು ಆಟಕ್ಕೆ ಸೇರಿಸಿಕೊಳ್ಳುವುದು ನಿಂತಿತು. ಮೂರನೆಯ ವಾರದ ಒಂದು ದಿನ, ನಾನು ಕೋಣೆಯಲ್ಲಿ ಇಲ್ಲದಾಗ, ಅವನು ತನ್ನ ಮನೆಯಿಂದ ಜೇಬು ತುಂಬ ಗೋಲಿಗಳನ್ನು ತಂದು ಆ ಜಾಡಿಗೆ ಸುರಿದಿದ್ದ. ಉಳಿದ ಮಕ್ಕಳು ಅದನ್ನು ಮೋಸವೆಂದು ನನಗೆ ದೂರಿತ್ತರು. ನನ್ನ ಕಣ್ಣಿಗೆ ಮಾತ್ರ ಅವನು ಸಾಲ ತೀರಿಸಲು ಬಂದವನಂತೆ ಕಂಡ, ಮತ್ತು ಆ ಸಾಲವನ್ನು ಅವನ ತಲೆಯ ಮೇಲೆ ಹೊರಿಸಿದ್ದು ನಾನೇ ಎಂಬುದು ಅಂದು ಅರ್ಥವಾಯಿತು.

ಸಾಮೂಹಿಕ ಬಹುಮಾನ ಪದ್ಧತಿಯ ಬಗ್ಗೆ ಶಿಕ್ಷಕರ ನಡುವೆ ಎರಡು ಮಾತುಗಳು ಕೇಳಿಬರುತ್ತವೆ. ಹೆಚ್ಚು ಖರ್ಚಿಲ್ಲದೆ, ಹೆಚ್ಚು ಸಿಬ್ಬಂದಿಯಿಲ್ಲದೆ ಇಡೀ ತರಗತಿಯನ್ನು ಹಿಡಿತಕ್ಕೆ ತರುವ ಸಾಧನ ಇದು ಎನ್ನುತ್ತಾರೆ ಕೆಲವರು; ಮೊದಲೇ ಹಿಂದೆ ಬಿದ್ದಿರುವ ಮಗುವಿನ ಮೇಲೆ ಇಡೀ ತರಗತಿಯನ್ನು ಛೂ ಬಿಡುವ ಉಪಾಯ ಇದು ಎನ್ನುತ್ತಾರೆ ಇನ್ನು ಕೆಲವರು. ನನ್ನ ಜಾಡಿಯ ಅನುಭವದಲ್ಲಿ ಈ ಎರಡೂ ಮಾತುಗಳು ನಿಜವಾಗಿದ್ದವು. ಆದ್ದರಿಂದ ಪದ್ಧತಿ ಬೇಕೋ ಬೇಡವೋ ಎಂಬ ಚರ್ಚೆಯನ್ನು ಬದಿಗಿಟ್ಟು, ಅದನ್ನು ಕಟ್ಟುವ ರೀತಿಯ ಬಗ್ಗೆ ಮಾತ್ರ ಇಂದು ಮಾತನಾಡುತ್ತೇನೆ. ನಾನು ಹೇಳಬೇಕೆಂದಿರುವುದು ಇಷ್ಟು: ವಿಶೇಷ ಅಗತ್ಯವುಳ್ಳ ಮಗು ತಂಡಕ್ಕೆ ತಂದುಕೊಟ್ಟದ್ದು ಎಲ್ಲರ ಕಣ್ಣಿಗೆ ಬೀಳಬೇಕು, ಆ ಮಗುವಿನ ಕಾರಣದಿಂದ ತಂಡ ಕಳೆದುಕೊಂಡದ್ದು ಯಾರ ಕಣ್ಣಿಗೂ ಬೀಳಬಾರದು, ಸಾಧ್ಯವಾದ ಮಟ್ಟಿಗೆ ಅಂಥದ್ದು ನಡೆಯಲೂಬಾರದು. ಉಳಿದ ವಿವರಗಳೆಲ್ಲ ಇದರಿಂದ ಹುಟ್ಟುತ್ತವೆ.

ಮೊದಲು ಬಗೆಗಳನ್ನು ಗುರುತಿಸಿಕೊಳ್ಳೋಣ. 1975ರಲ್ಲಿ ಲಿಟೋ ಮತ್ತು ಪಮ್ರಾಯ್ ಎಂಬ ಇಬ್ಬರು ಸಂಶೋಧಕರು ತರಗತಿಯ ಬಹುಮಾನ ಪದ್ಧತಿಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು, ಆ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ನಿಯಮ ಎಲ್ಲರಿಗೂ ಒಂದೇ ಆಗಿದ್ದು, ಬಹುಮಾನವನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ನಡವಳಿಕೆಯಿಂದ ತಮಗಾಗಿ ಪಡೆಯುವುದು ಸ್ವತಂತ್ರ ಬಗೆ. ಮನೆಕೆಲಸ ಮಾಡಿ ತಂದವರಿಗೆಲ್ಲ ಒಂದು ನಕ್ಷತ್ರ ಎಂಬುದು ಇದರ ಉದಾಹರಣೆ. ಒಬ್ಬ ವಿದ್ಯಾರ್ಥಿಯ ಅಥವಾ ಕೆಲವೇ ವಿದ್ಯಾರ್ಥಿಗಳ ಸಾಧನೆಯ ಮೇಲೆ ಇಡೀ ತರಗತಿಯ ಬಹುಮಾನ ನಿಂತಿರುವುದು ಅವಲಂಬಿತ ಬಗೆ. ಇಡೀ ತಂಡದ ಒಟ್ಟು ಅಥವಾ ಸರಾಸರಿ ಸಾಧನೆಯ ಮೇಲೆ ಎಲ್ಲರಿಗೂ ಒಟ್ಟಿಗೆ ಬಹುಮಾನ ದೊರೆಯುವುದು ಪರಸ್ಪರಾವಲಂಬಿ ಬಗೆ. ನನ್ನ ಜಾಡಿಯು ಹೆಸರಿಗೆ ಮೂರನೆಯ ಬಗೆಯದಾಗಿತ್ತು. ಆದರೆ ನಷ್ಟವೆಲ್ಲ ಒಬ್ಬನ ಹೆಸರಿನಲ್ಲೇ ದಾಖಲಾಗುತ್ತಿದ್ದುದರಿಂದ ಅದು ತಾನಾಗಿಯೇ ಎರಡನೆಯ ಬಗೆಯದಾಗಿ ಮಾರ್ಪಟ್ಟಿತ್ತು. ಕಾಗದದ ಮೇಲೆ ನಾವು ಯಾವ ಬಗೆಯನ್ನು ಬರೆದುಕೊಂಡಿದ್ದೇವೆ ಎಂಬುದಕ್ಕಿಂತ, ಮಕ್ಕಳು ಅದನ್ನು ಯಾವ ಬಗೆಯಾಗಿ ಓದಿಕೊಳ್ಳುತ್ತಿದ್ದಾರೆ ಎಂಬುದು ಮುಖ್ಯ.

ಈ ಕ್ಷೇತ್ರದ ಅತ್ಯಂತ ಪ್ರಸಿದ್ಧ ಪ್ರಯೋಗ 1969ರದ್ದು. ಬ್ಯಾರಿಶ್, ಸಾಂಡರ್ಸ್ ಮತ್ತು ವುಲ್ಫ್ ಎಂಬವರು ಅಮೆರಿಕದ ನಾಲ್ಕನೆಯ ತರಗತಿಯೊಂದರ 24 ಮಕ್ಕಳನ್ನು ಎರಡು ತಂಡಗಳನ್ನಾಗಿ ಮಾಡಿ, ಗಣಿತದ ಅವಧಿಯಲ್ಲಿ ಒಂದು ಆಟವನ್ನು ಆರಂಭಿಸಿದರು. ಒಪ್ಪಿಗೆಯಿಲ್ಲದೆ ಜಾಗ ಬಿಟ್ಟೆದ್ದರೆ ಅಥವಾ ಮಾತನಾಡಿದರೆ ಆ ಮಗುವಿನ ತಂಡದ ಹೆಸರಿನ ಕೆಳಗೆ ಹಲಗೆಯ ಮೇಲೆ ಒಂದು ಗೀಟು. ಕಡಿಮೆ ಗೀಟು ಪಡೆದ ತಂಡಕ್ಕೆ ಗೆಲುವು. ಎರಡೂ ತಂಡಗಳ ಗೀಟುಗಳು ಐದನ್ನು ಮೀರದಿದ್ದರೆ ಎರಡಕ್ಕೂ ಗೆಲುವು. ಗೆದ್ದವರಿಗೆ ಸಿಗುತ್ತಿದ್ದುದು ಎದೆಗೆ ಸಿಕ್ಕಿಸಿಕೊಳ್ಳುವ ಗೆಲುವಿನ ಚೀಟಿ, ಊಟದ ಸಾಲಿನಲ್ಲಿ ಮೊದಲ ಸ್ಥಾನ, ದಿನದ ಕೊನೆಯಲ್ಲಿ ತಮಗಿಷ್ಟವಾದ ಕೆಲಸಕ್ಕೆ ಅರ್ಧ ಗಂಟೆ. ಗದ್ದಲ ಎದ್ದುಕಾಣುವಷ್ಟು ಇಳಿಯಿತು. ಆಟವನ್ನು ನಿಲ್ಲಿಸಿದಾಗ ಮತ್ತೆ ಏರಿತು. ಮತ್ತೆ ಆರಂಭಿಸಿದಾಗ ಮತ್ತೆ ಇಳಿಯಿತು. ಓದಿನ ಅವಧಿಗೂ ಆಟವನ್ನು ವಿಸ್ತರಿಸಿದಾಗ ಅಲ್ಲೂ ಹಾಗೆಯೇ ಆಯಿತು. ಇದರಲ್ಲಿ ಎರಡು ತಂಡಗಳೂ ಗೆಲ್ಲಬಹುದಾದ ಅವಕಾಶವೇ ಜಾಣತನದ ಅಂಶ ಎಂದು ನನ್ನ ಅಭಿಪ್ರಾಯ, ಏಕೆಂದರೆ ಒಂದು ತಂಡದ ಗೆಲುವಿಗೆ ಇನ್ನೊಂದು ತಂಡ ಸೋಲಲೇಬೇಕಾದ ಆಟದಲ್ಲಿ ದುರ್ಬಲ ಮಗುವನ್ನು ತಮ್ಮ ತಂಡಕ್ಕೆ ಹಾಕಬೇಡಿ ಎಂಬ ಬೇಡಿಕೆ ಮೊದಲ ದಿನವೇ ಬರುತ್ತದೆ.

ಆ ಪ್ರಯೋಗದ ವರದಿಯಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿದೆ. ತಂಡಕ್ಕೆ ಮತ್ತೆ ಮತ್ತೆ ಗೀಟು ತರುತ್ತಿದ್ದ ಮಗುವೊಂದು, ತಾನು ಇನ್ನು ಈ ಆಟ ಆಡುವುದಿಲ್ಲ ಎಂದು ಸಾರಿಬಿಟ್ಟಿತು. ಒಬ್ಬರ ನಡವಳಿಕೆಗೆ ಎಲ್ಲರೂ ಬೆಲೆ ತೆರುವುದು ಬೇಡವೆಂದು ಅಂಥ ಮಕ್ಕಳನ್ನು ತಂಡದಿಂದ ಬೇರ್ಪಡಿಸಿ, ಅವರ ಗೀಟುಗಳನ್ನು ಬೇರೆಯಾಗಿ ಎಣಿಸಲಾಯಿತು. ಅಂದಿನ ಸಂಶೋಧಕರಿಗೆ ಇದು ಪ್ರಯೋಗದ ಅಂಚಿನಲ್ಲಿ ನಡೆದ ಸಣ್ಣ ಹೊಂದಾಣಿಕೆ. ಇಂದು ನಮ್ಮ ಪಾಲಿಗೆ ಕೇಂದ್ರ ಪ್ರಶ್ನೆಯೇ ಅದು. ಹೊರಗುಳಿದ ಆ ಮಗುವಿಗಾಗಿಯೇ ನಾವು ಪದ್ಧತಿಯನ್ನು ಕಟ್ಟಬೇಕಾಗಿರುವಾಗ, ಅದನ್ನು ಹೊರಗಿಟ್ಟು ಉಳಿದವರ ನಡವಳಿಕೆ ಸುಧಾರಿಸಿತು ಎಂದು ಸಂತೋಷಪಡುವಂತಿಲ್ಲ.

ಹಾಗೆಂದು ಆ ಆಟವನ್ನು ನಾನು ತಳ್ಳಿಹಾಕುವುದಿಲ್ಲ. 1985ರಿಂದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಶೆಪರ್ಡ್ ಕೆಲ್ಲಮ್ ಮತ್ತು ಸಂಗಡಿಗರು ಬಾಲ್ಟಿಮೋರ್ ನಗರದ ಒಂದನೆಯ ತರಗತಿಗಳಲ್ಲಿ ಅದನ್ನು ಆಡಿಸಿ, ಅದೇ ಮಕ್ಕಳು 19ರಿಂದ 21 ವರ್ಷದವರಾದಾಗ ಮತ್ತೆ ಹುಡುಕಿ ಮಾತನಾಡಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ಆಟವಾಡಿದ ತರಗತಿಗಳಿಂದ ಬಂದವರಲ್ಲಿ ಮಾದಕ ವಸ್ತುಗಳ ದುರ್ಬಳಕೆಯಂಥ ತೊಂದರೆಗಳು ಕಡಿಮೆಯಿದ್ದವು, ಮತ್ತು ಹೆಚ್ಚಿನ ಲಾಭ ಪಡೆದವರು ಒಂದನೆಯ ತರಗತಿಯಲ್ಲಿ ಅತ್ಯಂತ ಆಕ್ರಮಣಶೀಲರೂ ಗದ್ದಲದವರೂ ಎಂದು ಗುರುತಿಸಲ್ಪಟ್ಟಿದ್ದ ಗಂಡುಮಕ್ಕಳು. ಅಂದರೆ, ತಂಡದೊಳಗೆ ಉಳಿದುಕೊಂಡರೆ ಎಲ್ಲರಿಗಿಂತ ಹೆಚ್ಚು ಪ್ರಯೋಜನ ಆಗುವುದು, ನಾವು ಹೊರಗಿಡಲು ಆತುರಪಡುವ ಮಕ್ಕಳಿಗೇ.

ಇಷ್ಟು ಕಷ್ಟವಿದ್ದರೆ ಆ ಮಗುವಿಗೆ ಮಾತ್ರ ಪ್ರತ್ಯೇಕ ಬಹುಮಾನದ ಪಟ್ಟಿ ಮಾಡಿಕೊಟ್ಟರೆ ಸಾಲದೇ ಎಂದು ನೀವು ಕೇಳಬಹುದು. ಕೆಲವು ಗುರಿಗಳಿಗೆ ಅದು ಸಾಕು, ಮತ್ತು ಹಲವು ಮಕ್ಕಳಿಗೆ ಅದು ಬೇಕೇಬೇಕು. ಆದರೆ ಸಾಮಾನ್ಯ ತರಗತಿಯಲ್ಲಿ ಅದಕ್ಕೆ ಮೂರು ತೊಡಕುಗಳಿವೆ. ಒಂದು ಡೆಸ್ಕಿನ ಮೇಲೆ ಮಾತ್ರ ಅಂಟಿಸಿದ ಪಟ್ಟಿಯು ‘ಇವನು ಬೇರೆ’ ಎಂಬ ಫಲಕವಾಗುತ್ತದೆ. ಅವನಿಗೆ ಮಾತ್ರ ಏಕೆ ಎಂಬ ಉಳಿದ ಮಕ್ಕಳ ಪ್ರಶ್ನೆಗೆ ನ್ಯಾಯವಾದ ಉತ್ತರವಿದ್ದರೂ ಅದನ್ನು ಎಂಟು ವರ್ಷದ ಮಗುವಿಗೆ ಒಪ್ಪಿಸುವುದು ಕಷ್ಟ. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಬಹುಮಾನಕ್ಕಿಂತ ಬಲವಾದ ಬಹುಮಾನವನ್ನು ಸಹಪಾಠಿಗಳು ಬಿಟ್ಟಿಯಾಗಿ ಹಂಚುತ್ತಿರುತ್ತಾರೆ. ಒಬ್ಬ ಹುಡುಗ ಪಾಠದ ನಡುವೆ ವಿಚಿತ್ರ ಸದ್ದು ಮಾಡಿದಾಗ ನಾನು ಕೊಡದೆ ಉಳಿಸಿಕೊಳ್ಳುವ ನಕ್ಷತ್ರಕ್ಕಿಂತ, ಮೂವತ್ತು ಮಕ್ಕಳು ಒಟ್ಟಿಗೆ ನಗುವ ನಗು ಅವನಿಗೆ ದೊಡ್ಡ ಗಳಿಕೆ. ಆ ನಗುವನ್ನು ಶಿಕ್ಷಕರು ತಡೆಯಲಾರರು, ನಗುವವರು ಮಾತ್ರ ತಡೆಯಬಲ್ಲರು. ತಾವು ನಗದಿದ್ದರೆ ತಮಗೂ ಏನೋ ಲಾಭವಿದೆ ಎಂದು ತಿಳಿದಾಗ ಅವರು ತಡೆಯುತ್ತಾರೆ. ಸಾಮೂಹಿಕ ಬಹುಮಾನದ ನಿಜವಾದ ಶಕ್ತಿ ಇರುವುದು ಇಲ್ಲಿ. ಅದು ಒಂದು ಮಗುವಿನ ನಡವಳಿಕೆಯನ್ನು ತಿದ್ದುವುದಕ್ಕಿಂತ ಮೊದಲು, ಆ ನಡವಳಿಕೆಗೆ ನೀರೆರೆಯುತ್ತಿರುವ ಸುತ್ತಲಿನವರನ್ನು ಬದಲಿಸುತ್ತದೆ.

ಹಾಗಾದರೆ ಏನನ್ನು ಎಣಿಸಬೇಕು? ಒಂದು ಮಗು ಒಂದು ಕೆಲಸವನ್ನು ಮಾಡುವುದಿಲ್ಲವೋ ಅಥವಾ ಮಾಡಲಾರದೋ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಆ ಕೆಲಸವನ್ನು ತಂಡದ ಲೆಕ್ಕಕ್ಕೆ ಸೇರಿಸಬಾರದು. ಟುರೆಟ್ ಸಿಂಡ್ರೋಮ್ ಇರುವ ಮಗುವಿನ ಬಾಯಿಂದ ತಾನಾಗಿ ಹೊರಡುವ ಸದ್ದು, ಆಟಿಸಂ ಇರುವ ಮಗು ತನ್ನನ್ನು ಸಮಾಧಾನಪಡಿಸಿಕೊಳ್ಳಲು ಕೈಗಳನ್ನು ಅಲ್ಲಾಡಿಸುವುದು, ಶ್ರವಣದೋಷವುಳ್ಳ ಮಗು ಮೊದಲ ಸಲಕ್ಕೆ ಸೂಚನೆಯನ್ನು ಪಾಲಿಸದಿರುವುದು ಇವು ಯಾವುವೂ ಗೀಟು ಎಳೆಯುವ ವಿಷಯಗಳಲ್ಲ. ಅಂಥವನ್ನು ಎಣಿಸುವುದು ಕನ್ನಡಕ ಹಾಕಿಕೊಂಡದ್ದಕ್ಕೆ ಅಂಕ ಕಳೆದಂತೆ. ಇದೇ ಕಾರಣಕ್ಕೆ ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವುದರಲ್ಲಿ ವಿಶೇಷ ತೊಡಕು, ಇರುವ ಮಗುವಿನ ಮುಂದೆ ಎಷ್ಟು ದೊಡ್ಡ ಬಹುಮಾನವನ್ನು ಇಟ್ಟರೂ ಅದರಿಂದ ಓದು ಬರುವುದಿಲ್ಲ. ಅಕ್ಷರ ಮತ್ತು ಧ್ವನಿಗಳ ಸಂಬಂಧವನ್ನು ಕ್ರಮವಾಗಿ, ಬಿಡಿಸಿ ಕಲಿಸಿದರೆ ಓದು ಬರುತ್ತದೆ. ಬಹುಮಾನವು ಆ ಕಲಿಕೆಯ ಬೇಸರವನ್ನು ದಾಟಿಸಬಹುದೇ ಹೊರತು ಕಲಿಸುವ ಕೆಲಸಕ್ಕೆ ಬದಲಿಯಾಗದು. ಪಾಠ ತನ್ನ ಶಕ್ತಿಗೆ ಮೀರಿದ್ದೆಂಬ ಕಾರಣಕ್ಕೆ ಗಲಾಟೆ ಮಾಡಿ ಹೊರಗೆ ಹೋಗಲು ಹವಣಿಸುವ ಮಗುವಿನ ವಿಷಯದಲ್ಲಿ ಸರಿಪಡಿಸಬೇಕಾದದ್ದು ಪಾಠದ ಮಟ್ಟವನ್ನು.

ಇನ್ನು ಅಳತೆಯ ಮಾತು. ಎಲ್ಲರಿಗೂ ಒಂದೇ ಗೆರೆ ಎಳೆದು, ದಾಟಿದವರೆಷ್ಟು ಎಂದು ಎಣಿಸಿದರೆ ವಿಶೇಷ ಅಗತ್ಯವುಳ್ಳ ಮಗು ಯಾವಾಗಲೂ ತಂಡದ ಸರಾಸರಿಯನ್ನು ಕೆಳಗೆಳೆಯುತ್ತದೆ. ಇದಕ್ಕೆ ನಾನು ಕಂಡ ಅತ್ಯುತ್ತಮ ಪರಿಹಾರ ನಡವಳಿಕೆ ತಿದ್ದುವ ಶಾಸ್ತ್ರದಿಂದ ಬಂದದ್ದಲ್ಲ, ಸಹಕಾರಿ ಕಲಿಕೆಯಿಂದ ಬಂದದ್ದು. ಜಾನ್ಸ್ ಹಾಪ್‌ಕಿನ್ಸ್‌ನ ರಾಬರ್ಟ್ ಸ್ಲೇವಿನ್ ರೂಪಿಸಿದ ತಂಡದ ಕಲಿಕಾ ಪದ್ಧತಿಯಲ್ಲಿ ಪ್ರತಿ ಮಗುವಿಗೂ ಹಿಂದಿನ ಪರೀಕ್ಷೆಗಳ ಆಧಾರದ ಮೇಲೆ ಒಂದು ಬುನಾದಿ ಅಂಕ ಇರುತ್ತದೆ, ಮತ್ತು ತಂಡಕ್ಕೆ ಸೇರುವುದು ಮಗು ಪಡೆದ ಅಂಕವಲ್ಲ, ಅದರ ಸುಧಾರಣೆಗೆ ಸಿಕ್ಕ ಅಂಕ. ಬುನಾದಿಗಿಂತ ಹತ್ತಕ್ಕಿಂತ ಹೆಚ್ಚು ಮೇಲೇರಿದರೆ ತಂಡಕ್ಕೆ 30, ಬುನಾದಿಯಲ್ಲೇ ಉಳಿದರೆ ಅಥವಾ ಹತ್ತರವರೆಗೆ ಮೇಲೇರಿದರೆ 20, ಹತ್ತರವರೆಗೆ ಕೆಳಗಿಳಿದರೆ 10, ಅದಕ್ಕೂ ಕೆಳಗಿಳಿದರೆ 5. ಒಂದೂ ತಪ್ಪಿಲ್ಲದ ಉತ್ತರಪತ್ರಿಕೆಗೆ ಹೇಗೂ 30. ಇದರ ಪರಿಣಾಮವನ್ನು ಊಹಿಸಿಕೊಳ್ಳಿ. 92 ಬುನಾದಿಯ ಹುಡುಗಿ 94 ತೆಗೆದರೆ ತಂಡಕ್ಕೆ 20 ಅಂಕ ಬರುತ್ತದೆ. 30 ಬುನಾದಿಯ ಹುಡುಗ 42 ತೆಗೆದರೆ 30 ಬರುತ್ತದೆ. ಪಾಠದಲ್ಲಿ ಹಿಂದಿರುವ ಮಗುವಿಗೆ ಮೇಲೇರಲು ಹೆಚ್ಚು ಜಾಗವಿರುವುದರಿಂದ, ತಂಡದ ದೃಷ್ಟಿಯಲ್ಲಿ ಅದು ಲಾಭದ ಸದಸ್ಯ. ಆ ಹುಡುಗನಿಗೆ ಲೆಕ್ಕ ಹೇಳಿಕೊಡಲು ಆ ಹುಡುಗಿಗೆ ಈಗ ಕಾರಣವಿದೆ. ಇಲ್ಲಿ ಯಾರೂ ಯಾರಿಗೂ ದಯೆ ತೋರಿಸುತ್ತಿಲ್ಲ ಎಂಬುದೇ ನನಗೆ ಇಷ್ಟವಾಗುವುದು. ದಯೆ ಎರಡು ವಾರಗಳಲ್ಲಿ ದಣಿಯುತ್ತದೆ.

ಇದೇ ಲೆಕ್ಕವನ್ನು ನಡವಳಿಕೆಗೂ ಅನ್ವಯಿಸಬಹುದು. ಗುರಿಯನ್ನು ಗೊತ್ತುಮಾಡುವ ಮೊದಲು ಒಂದು ವಾರ ಸುಮ್ಮನೆ ಎಣಿಸಿ. ಒಂದು ಮಗು ಈಗ ನಾಲ್ಕು ನಿಮಿಷ ಮಾತ್ರ ಕೆಲಸದಲ್ಲಿ ತೊಡಗಬಲ್ಲದಾದರೆ ಅದರ ಗುರಿ ಐದು ನಿಮಿಷವಾಗಿರಲಿ, ನಲವತ್ತಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ಗುರಿ ಬರೆದ ಚೀಟಿ ಇದ್ದು, ಗುರಿ ತಲುಪಿದಾಗ ಎಲ್ಲರಿಂದಲೂ ತಂಡಕ್ಕೆ ಸಮಾನವಾಗಿ ಒಂದು ಅಂಕ ಸಿಗುವಂತಿದ್ದರೆ, ಯಾರ ಗುರಿ ಎಷ್ಟು ಎಂಬುದು ಉಳಿದವರಿಗೆ ತಿಳಿಯಬೇಕಾಗಿಯೂ ಇಲ್ಲ.

ನಷ್ಟವನ್ನು ಕಣ್ಣಿಗೆ ಬೀಳದಂತೆ ಮಾಡುವುದು ಹೇಗೆ ಎಂಬುದಕ್ಕೆ ಚೀಟಿ ಎತ್ತುವ ವಿಧಾನ ಒಳ್ಳೆಯ ಉತ್ತರ. ಎಲ್ಲ ಮಕ್ಕಳ ಹೆಸರುಗಳನ್ನು ಡಬ್ಬಿಯೊಂದರಲ್ಲಿ ಹಾಕಿ, ಅವಧಿಯ ಆರಂಭದಲ್ಲಿ ಶಿಕ್ಷಕರು ಒಂದು ಚೀಟಿಯನ್ನು ಎತ್ತಿ ಯಾರಿಗೂ ತೋರಿಸದೆ ಇಟ್ಟುಕೊಳ್ಳುತ್ತಾರೆ. ಆ ಚೀಟಿಯಲ್ಲಿದ್ದ ಮಗು ಅಂದು ತನ್ನ ಗುರಿಯನ್ನು ತಲುಪಿದ್ದರೆ ಇಡೀ ತರಗತಿಗೆ ಬಹುಮಾನ, ಮತ್ತು ಹೆಸರನ್ನು ಚಪ್ಪಾಳೆಯೊಂದಿಗೆ ಓದಲಾಗುತ್ತದೆ. ತಲುಪಿರದಿದ್ದರೆ ‘ಇಂದು ಸಿಗಲಿಲ್ಲ, ನಾಳೆ ನೋಡೋಣ’ ಎಂದಷ್ಟೇ ಹೇಳಿ ಚೀಟಿಯನ್ನು ಮಡಿಸಿ ಡಬ್ಬಿಗೆ ಹಾಕಲಾಗುತ್ತದೆ. ಹೆಸರು ಹೊರಬರುವುದು ಗೆಲುವಿನ ದಿನ ಮಾತ್ರ. ತಮ್ಮ ಹೆಸರೇ ಇರಬಹುದೆಂಬ ನಿರೀಕ್ಷೆಯಿಂದ ಎಲ್ಲರೂ ಪ್ರಯತ್ನಿಸುತ್ತಾರೆ, ಸೋತ ದಿನ ಬೆರಳು ತೋರಿಸಲು ಯಾರಿಗೂ ಯಾರೂ ಸಿಗುವುದಿಲ್ಲ. ಅಂದಿನ ಗುರಿ ಯಾವುದು, ಬಹುಮಾನ ಯಾವುದು ಎಂಬುದನ್ನೂ ಹೀಗೆಯೇ ಚೀಟಿಯಿಂದ ಗೊತ್ತುಮಾಡಬಹುದು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಚೀಟಿ ನೋಡಿದಾಗ ಶಿಕ್ಷಕರ ಕಣ್ಣು ಒಂದೇ ಮಗುವಿನ ಕಡೆಗೆ ಹೊರಳಿದರೆ ಗುಟ್ಟು ರಟ್ಟಾದಂತೆ. ನಿಗದಿತ ದಿನಚರಿಯನ್ನು ಇಷ್ಟಪಡುವ, ಅನಿಶ್ಚಿತತೆಯಿಂದ ಕಳವಳಗೊಳ್ಳುವ ಆಟಿಸಂ ಇರುವ ಮಗುವಿಗೆ ಗುರಿ ಮತ್ತು ಬಹುಮಾನ ಎರಡೂ ಗುಟ್ಟಾಗಿರುವುದು ಹಿಂಸೆಯಾಗಬಹುದು. ಅಂಥಲ್ಲಿ ಹೆಸರನ್ನು ಮಾತ್ರ ಗುಟ್ಟಾಗಿಟ್ಟು ಉಳಿದದ್ದನ್ನು ಮೊದಲೇ ಹಲಗೆಯ ಮೇಲೆ ಬರೆದಿಡುವುದು ಲೇಸು.

ಅವಲಂಬಿತ ಬಗೆಯ ಬಗ್ಗೆ ನನ್ನ ಮನಸ್ಸು ಎರಡಾಗಿದೆ. 1965ರಲ್ಲಿ ಜೆರಾಲ್ಡ್ ಪ್ಯಾಟರ್ಸನ್ ವರದಿ ಮಾಡಿದ ಪ್ರಯೋಗದಲ್ಲಿ, ಅತಿಚಟುವಟಿಕೆಯ ಹುಡುಗನೊಬ್ಬನು ಗಮನವಿಟ್ಟು ಕೆಲಸ ಮಾಡಿದಾಗ ಅವನ ಡೆಸ್ಕಿನ ಮೇಲಿನ ಪೆಟ್ಟಿಗೆಯ ಬೆಳಕು ಹೊತ್ತಿ, ಅವನ ಗಳಿಕೆ ಜಮೆಯಾಗಿ, ಕೊನೆಯಲ್ಲಿ ಆ ಗಳಿಕೆ ಸಹಪಾಠಿಗಳೊಂದಿಗೆ ಹಂಚಿಕೆಯಾಗುತ್ತಿತ್ತು. ತರಗತಿಗೆ ತೊಂದರೆ ಎನಿಸಿಕೊಂಡಿದ್ದವನೇ ತರಗತಿಗೆ ಸಿಹಿ ಹಂಚುವವನಾದ. ಮಗುವಿನ ಸ್ಥಾನವನ್ನು ಇಷ್ಟು ಬೇಗ ಮೇಲೆತ್ತುವ ಉಪಾಯ ಇನ್ನೊಂದನ್ನು ನಾನು ನೋಡಿಲ್ಲ, ಇಷ್ಟು ಬೇಗ ನೆಲಕ್ಕೆ ಕೆಡವುವುದನ್ನೂ ನೋಡಿಲ್ಲ. ಆದ್ದರಿಂದ ನನ್ನ ನಿಯಮ ಕಟ್ಟುನಿಟ್ಟಾದದ್ದು: ಆ ಮಗು ಗುರಿಯನ್ನು ತಲುಪುವುದು ಬಹುಮಟ್ಟಿಗೆ ಖಚಿತ ಎಂದು ಹಿಂದಿನ ದಿನಗಳ ಲೆಕ್ಕ ಹೇಳುತ್ತಿರಬೇಕು, ಮಗುವೂ ಪೋಷಕರೂ ಒಪ್ಪಿರಬೇಕು, ತಲುಪಿದರೆ ಎಲ್ಲರಿಗೂ ಹೆಚ್ಚುವರಿಯಾಗಿ ಏನಾದರೂ ಸಿಗಬೇಕು, ತಲುಪದಿದ್ದರೆ ಯಾರಿಗೂ ಇದ್ದದ್ದು ಹೋಗಬಾರದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಆ ಬಗೆಯನ್ನು ಕೈಬಿಡಿ.

ಇದ್ದದ್ದು ಹೋಗಬಾರದು ಎಂಬುದು ಎಲ್ಲ ಬಗೆಗಳಿಗೂ ಅನ್ವಯವಾಗುವ ಮಾತು. ಜಾಡಿಗೆ ಹಾಕಿದ ಗೋಲಿಯನ್ನು ಮತ್ತೆ ತೆಗೆಯಬೇಡಿ. ಒಬ್ಬನ ತಪ್ಪಿಗೆ ಎಲ್ಲರ ಆಟವನ್ನು ನಿಲ್ಲಿಸುವುದು ಸಾಮೂಹಿಕ ಶಿಕ್ಷೆ; ಅದನ್ನು ಬಹುಮಾನ ಪದ್ಧತಿಯ ಹೆಸರಿನಲ್ಲಿ ನಡೆಸಿದರೂ ಮಕ್ಕಳು ಮೋಸಹೋಗುವುದಿಲ್ಲ.

ಚಾಡಿ ಹೇಳುವುದರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ತಂಡದ ಲೆಕ್ಕ ಆರಂಭವಾದ ಕೂಡಲೇ ಚಾಡಿಯೂ ಆರಂಭವಾಗುತ್ತದೆ. ಸ್ಕಿನ್ನರ್ ಎಂಬ ಸಂಶೋಧಕರು ಮತ್ತು ಸಂಗಡಿಗರು 2000ದಲ್ಲಿ ಇದನ್ನು ತಲೆಕೆಳಗು ಮಾಡಿದ ವಿಧಾನವೊಂದನ್ನು ಪ್ರಕಟಿಸಿದರು. ಮಕ್ಕಳು ಸಹಪಾಠಿಗಳ ತಪ್ಪುಗಳನ್ನು ಒಪ್ಪಿಸುವ ಬದಲು, ಯಾರು ಯಾರಿಗೆ ಹೇಗೆ ನೆರವಾದರು ಎಂಬುದನ್ನು ಗಮನಿಸಿ ಸಣ್ಣ ಕಾರ್ಡುಗಳ ಮೇಲೆ ಬರೆಯುತ್ತಾರೆ. ಇಡೀ ತರಗತಿಯ ಕಾರ್ಡುಗಳ ಒಟ್ಟು ಸಂಖ್ಯೆ ಗುರಿ ಮುಟ್ಟಿದಾಗ ಎಲ್ಲರಿಗೂ ಬಹುಮಾನ. ಇದರಲ್ಲಿ ಕಳೆಯುವುದಕ್ಕೆ ಏನೂ ಇಲ್ಲ, ಕೂಡುವುದು ಮಾತ್ರ ಇದೆ. ನಾನು ಇದನ್ನು ಬಹಳ ಬಳಸಿದ್ದೇನೆ, ಮತ್ತು ಅದರಲ್ಲೊಂದು ಒಳಗುಂಡಿ ಇರುವುದನ್ನೂ ಕಂಡಿದ್ದೇನೆ. ಒಂದು ತಿಂಗಳ ಕಾರ್ಡುಗಳನ್ನು ಹರಡಿ ನೋಡಿದಾಗ, ಬೌದ್ಧಿಕ ಅಸಾಮರ್ಥ್ಯವಿದ್ದ ಒಬ್ಬ ಹುಡುಗಿಯ ಹೆಸರು ಹಲವು ಕಾರ್ಡುಗಳಲ್ಲಿತ್ತು. ಆದರೆ ಪ್ರತಿಯೊಂದರಲ್ಲೂ ಯಾರೋ ‘ಅವಳಿಗೆ’ ನೆರವಾಗಿದ್ದರು, ಒಂದರಲ್ಲೂ ಅವಳು ಯಾರಿಗೂ ನೆರವಾಗಿರಲಿಲ್ಲ. ತರಗತಿಯ ಒಳ್ಳೆಯತನವೆಲ್ಲ ಅವಳನ್ನು ಸರಕು ಮಾಡಿಕೊಂಡು ಅಂಕ ಗಳಿಸುತ್ತಿತ್ತು. ತಪ್ಪು ಮಕ್ಕಳದ್ದಲ್ಲ, ಅವಳು ಕೊಡುವವಳಾಗಬಹುದಾದ ಒಂದು ಕೆಲಸವನ್ನೂ ನಾನು ಆ ಕೋಣೆಯಲ್ಲಿ ಹುಟ್ಟುಹಾಕಿರಲಿಲ್ಲ. ಮರುವಾರದಿಂದ ಪುಸ್ತಕಗಳನ್ನು ಹಂಚುವುದು, ಹೊಸದಾಗಿ ಸೇರಿದ ಮಗುವಿಗೆ ಕೋಣೆಗಳನ್ನು ತೋರಿಸುವುದು ಅವಳ ಪಾಲಿಗೆ ಬಂದವು. ಅವಳ ಬಗ್ಗೆ ಬಂದ ಮೊದಲ ಕಾರ್ಡಿನಲ್ಲಿ, ಬಿದ್ದ ಪೆನ್ಸಿಲನ್ನು ಅವಳು ಹುಡುಕಿಕೊಟ್ಟಳೆಂದು ಬರೆದಿತ್ತು.

ಬಹುಮಾನದ ವಸ್ತುವಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಣ ಖರ್ಚಾಗದ್ದು ಒಳ್ಳೆಯದು: ಐದು ನಿಮಿಷದ ಹೆಚ್ಚುವರಿ ಬಿಡುವು, ಕುಳಿತುಕೊಳ್ಳುವ ಜಾಗದ ಆಯ್ಕೆ, ಕಥೆಯ ಇನ್ನೊಂದು ಅಧ್ಯಾಯ, ಶಿಕ್ಷಕರಿಗೆ ಮಕ್ಕಳೇ ಒಂದು ಪರೀಕ್ಷೆ ಕೊಡುವುದು. ಆದರೆ ಎಲ್ಲರಿಗೂ ಒಂದೇ ಬಹುಮಾನವಿರುವಾಗ ಅದು ಯಾರಿಗಾದರೂ ಶಿಕ್ಷೆಯಾಗುತ್ತಿದೆಯೇ ಎಂದು ನೋಡಬೇಕು. ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಹಾಡು ಕುಣಿತದ ಅವಧಿ ಬಹುಮಾನವಲ್ಲ. ಗಾಲಿಕುರ್ಚಿಯ ಮಗುವಿಗೆ ಓಟದ ಆಟ ಬಹುಮಾನವಲ್ಲ. ಬಹುಮಾನಗಳ ಪಟ್ಟಿಯನ್ನು ಮಕ್ಕಳಿಂದಲೇ ಮಾಡಿಸಿದರೂ ಬಹುಮತಕ್ಕೆ ಬಿಟ್ಟುಬಿಡಬಾರದು. ಕಾಲದ ಅಂತರವೂ ಮುಖ್ಯ. ವಾರದ ಕೊನೆಯ ಬಹುಮಾನಕ್ಕಾಗಿ ವಾರದ ಮೊದಲ ದಿನದಿಂದ ಕಾಯುವುದು ಎಡಿಎಚ್‌ಡಿ ಇರುವ ಮಗುವಿಗೆ ಅಸಾಧ್ಯಕ್ಕೆ ಹತ್ತಿರದ ಮಾತು. ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಒಂದು ಪದ್ಧತಿಯಲ್ಲಿ ಕೆಲವೇ ನಿಮಿಷಗಳಿಗೊಮ್ಮೆ ಗಂಟೆ ಬಾರಿಸಿ, ಆ ಕ್ಷಣದಲ್ಲಿ ನಿಯಮ ಪಾಲಿಸುತ್ತಿರುವ ತಂಡಗಳಿಗೆ ಅಂಕವನ್ನೂ, ಏಕೆ ಅಂಕ ಎಂಬ ಸ್ಪಷ್ಟವಾದ ಮೆಚ್ಚುಗೆಯ ಮಾತನ್ನೂ ಕೊಡಲಾಗುತ್ತದೆ. ಪಾಠದ ನಡುವೆ ಗಂಟೆ ಬಾರಿಸುವುದು ಮೊದಲು ಕಿರಿಕಿರಿ ಎನಿಸುತ್ತದೆ. ಆದರೆ ಎಚ್ಚರಿಸಲು, ಗದರಲು ನಾವು ಪಾಠವನ್ನು ನಿಲ್ಲಿಸುವ ಸಲಗಳನ್ನು ಒಮ್ಮೆ ಎಣಿಸಿ ನೋಡಿ, ಆಮೇಲೆ ಗಂಟೆಯ ಬಗ್ಗೆ ದೂರಿ.

ಬಹುಮಾನ ಕೊಟ್ಟರೆ ಕಲಿಕೆಯ ಸಹಜ ಆಸಕ್ತಿ ಸಾಯುತ್ತದೆ ಎಂಬ ಆಕ್ಷೇಪವನ್ನು ನಾನು ಗೌರವದಿಂದ ಕೇಳುತ್ತೇನೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ನಡೆಸಿದ ಪ್ರಯೋಗದಲ್ಲಿ, ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುವುದಾಗಿ ಮುಂಚಿತವಾಗಿ ಹೇಳಿ ಕೊಡಲಾಯಿತು. ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ಅವರು ಉಳಿದವರಿಗಿಂತ ಕಡಿಮೆ ಚಿತ್ರ ಬಿಡಿಸಿದರು. ಆದರೆ ಹೇಳದೆ, ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದ ಮಕ್ಕಳಲ್ಲಿ ಈ ಕುಸಿತ ಕಾಣಲಿಲ್ಲ. ಆ ಮೇಲೆ ವಾದ ಬಹಳ ಬೆಳೆಯಿತು. 1994ರಲ್ಲಿ ಕ್ಯಾಮರನ್ ಮತ್ತು ಪಿಯರ್ಸ್ ಹಾನಿ ದೊಡ್ಡದೇನಲ್ಲ ಎಂದರು. 1999ರಲ್ಲಿ ಡೆಸಿ, ಕೋಸ್ಟ್ನರ್ ಮತ್ತು ರಯಾನ್ 128 ಅಧ್ಯಯನಗಳನ್ನು ಒಟ್ಟುಗೂಡಿಸಿ ಹಾನಿ ನಿಜವೆಂದರು. ಈ ಜಗಳದಿಂದ ನಾನು ತೆಗೆದುಕೊಂಡ ಪಾಠ ಸರಳವಾದದ್ದು. ಮಗು ಈಗಾಗಲೇ ಸಂತೋಷದಿಂದ ಮಾಡುತ್ತಿರುವುದಕ್ಕೆ ಬಹುಮಾನ ಕೊಡಬೇಡಿ. ಕಾಯುವುದು, ಸರದಿ ಬಿಟ್ಟುಕೊಡುವುದು, ಕಷ್ಟದ ಲೆಕ್ಕವನ್ನು ಎರಡನೆಯ ಸಲ ಪ್ರಯತ್ನಿಸುವುದು ಇಂಥ, ಯಾರಿಗೂ ಮೊದಲಿಂದ ಪ್ರೀತಿಯಿಲ್ಲದ ಕೆಲಸಗಳಲ್ಲಿ ಕಳೆದುಕೊಳ್ಳಲು ಆಸಕ್ತಿಯೇ ಇರುವುದಿಲ್ಲ. ವಿಶೇಷ ಅಗತ್ಯವುಳ್ಳ ಮಗುವೊಂದಕ್ಕೆ ರೈಲುಗಳ ಬಗ್ಗೆ ಅಪಾರ ಒಲವಿದ್ದರೆ, ದಯವಿಟ್ಟು ಆ ರೈಲುಗಳನ್ನು ಅಂಕಗಳ ಪಟ್ಟಿಗೆ ಸೇರಿಸಬೇಡಿ.

ಉಪನ್ಯಾಸದ ನಂತರ ಸಭೆಯಲ್ಲಿದ್ದ ಶಿಕ್ಷಕಿಯೊಬ್ಬರು ಎರಡು ಪ್ರಶ್ನೆಗಳನ್ನು ಕೇಳಿದರು. ಅವು ಮುಖ್ಯವಾದವು ಎನಿಸಿದ್ದರಿಂದ ಉತ್ತರವನ್ನು ಇಲ್ಲಿ ಸೇರಿಸಿದ್ದೇನೆ. ಬೇಕೆಂದೇ ತಂಡವನ್ನು ಕೆಡಿಸುವ ಮಗುವನ್ನು ಏನು ಮಾಡಬೇಕು ಎಂಬುದು ಮೊದಲನೆಯದು. 1969ರ ಪ್ರಯೋಗದಲ್ಲಿ ಮಾಡಿದಂತೆ ಅದನ್ನು ಬೇರೆಯಾಗಿಸುವುದು ಅನಿವಾರ್ಯವಾಗುವ ಸಂದರ್ಭಗಳಿವೆ ಎಂದು ಒಪ್ಪುತ್ತೇನೆ. ಆದರೆ ಹಾಗೆ ಮಾಡುವುದಾದರೆ ಆ ಮಗುವಿನದೂ ಒಬ್ಬರದೇ ಒಂದು ತಂಡವಾಗಿರಲಿ, ಅದೇ ಹಲಗೆಯ ಮೇಲೆ ಅದೇ ಬಹುಮಾನಕ್ಕೆ ಅದೂ ಗೆಲ್ಲುವಂತಿರಲಿ, ಮತ್ತು ದೊಡ್ಡ ತಂಡಕ್ಕೆ ಮರಳುವ ದಿನವನ್ನು ಮೊದಲೇ ಗೊತ್ತುಮಾಡಿರಲಿ. ಅದಕ್ಕೂ ಮೊದಲು, ತಂಡದ ಸೋಲಿನಿಂದ ಆ ಮಗುವಿಗೆ ಸಿಗುತ್ತಿರುವುದೇನು ಎಂದು ನೋಡಬೇಕು. ಹಲವು ಸಲ ಅದಕ್ಕೆ ಸಿಗುತ್ತಿರುವುದು, ಒಂದು ಕ್ಷಣದ ಮಟ್ಟಿಗಾದರೂ ಎಲ್ಲರ ಮೇಲೆ ಅಧಿಕಾರ. ಅಂಥ ಮಗುವಿನ ಕೈಗೆ ಸಮಯ ನೋಡುವ ಗಡಿಯಾರವನ್ನೋ, ಹಲಗೆಯ ಮೇಲೆ ಅಂಕ ಬರೆಯುವ ಸೀಮೆಸುಣ್ಣವನ್ನೋ ಕೊಟ್ಟಾಗ ಕೆಡಿಸುವ ಕೆಲಸ ಅರ್ಧಕ್ಕರ್ಧ ನಿಂತದ್ದನ್ನು ನಾನು ಕಂಡಿದ್ದೇನೆ.

ಎಷ್ಟು ಕಾಲ ನಡೆಸಬೇಕು ಎಂಬುದು ಎರಡನೆಯ ಪ್ರಶ್ನೆ. ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಆ ಹಳೆಯ ಪ್ರಯೋಗದಲ್ಲೇ ಕಂಡಿದೆ. ಆದ್ದರಿಂದ ಎಲ್ಲ ಅವಧಿಗಳಿಂದ ಒಂದೆರಡು ಅವಧಿಗಳಿಗೆ, ಪ್ರತಿದಿನದಿಂದ ಯಾವುದೆಂದು ಹೇಳದ ಕೆಲವು ದಿನಗಳಿಗೆ ನಿಧಾನವಾಗಿ ಇಳಿಸಬೇಕು. ಮೆಚ್ಚುಗೆಯ ಮಾತು ಮಾತ್ರ ಕೊನೆಯವರೆಗೂ ಉಳಿಯಬೇಕು. ನಾನು ಈಗ ಇಟ್ಟುಕೊಳ್ಳುವ ಪುಸ್ತಕದಲ್ಲಿ ಎರಡು ಕಾಲಂಗಳಿವೆ. ಮೊದಲನೆಯದರಲ್ಲಿ ಅಂದಿನ ತಂಡದ ಅಂಕಗಳು. ಎರಡನೆಯದರಲ್ಲಿ, ವಾರಕ್ಕೆ ಎರಡು ಸಲ, ಬಿಡುವಿನ ವೇಳೆಯಲ್ಲಿ ಕಿಟಕಿಯಿಂದ ನೋಡಿ, ನಾನು ಯಾರಿಗಾಗಿ ಈ ಪದ್ಧತಿಯನ್ನು ಕಟ್ಟಿದ್ದೇನೋ ಆ ಮಗು ಯಾರ ಜೊತೆ ಇದೆ ಎಂದು ಬರೆಯುತ್ತೇನೆ. ಅಂಕಗಳು ಏರುತ್ತಿದ್ದು, ಎರಡನೆಯ ಕಾಲಂನಲ್ಲಿ ಎರಡು ವಾರ ಸತತವಾಗಿ ‘ಒಬ್ಬನೇ’ ಎಂದು ಬರೆಯಬೇಕಾಗಿ ಬಂದರೆ, ಮರುದಿನ ಬೆಳಿಗ್ಗೆ ಹಲಗೆಯನ್ನು ಒರೆಸಿ ಆಟವನ್ನು ನಿಲ್ಲಿಸುತ್ತೇನೆ.